ಹತಾರಕ್ಕೆ ಕಟ್ಟಿದ ಚೀಟಿ

2021ರ ಅಕ್ಟೋಬರ್ 4, ಸೋಮವಾರ. ಭಾರತದಲ್ಲಿ ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಊಟ ಮುಗಿಸಿ ವಾಟ್ಸ್‌ಆ್ಯಪ್ ತೆರೆದವರಿಗೆ ಸಂದೇಶ ಹೋಗಲಿಲ್ಲ, ಬರಲೂ ಇಲ್ಲ. ಫೇಸ್‌ಬುಕ್ ತೆರೆಯಲಿಲ್ಲ, ಇನ್‌ಸ್ಟಾಗ್ರಾಂ ತೆರೆಯಲಿಲ್ಲ. ಸುಮಾರು ಆರು ಗಂಟೆಗಳ ಕಾಲ ಜಗತ್ತಿನ ಎಲ್ಲ ಕಡೆಯೂ ಇದೇ ಸ್ಥಿತಿ.

ಮರುದಿನ ಆ ಕಂಪನಿಯ ಎಂಜಿನಿಯರುಗಳು ಕಾರಣ ತಿಳಿಸಿದರು. ಅವರ ದತ್ತಾಂಶ ಕೇಂದ್ರಗಳನ್ನು ಒಂದಕ್ಕೊಂದು ಜೋಡಿಸುವ, ಬೆನ್ನೆಲುಬಿನಂಥ ಒಂದು ಜಾಲವಿದೆ. ನಿತ್ಯದ ನಿರ್ವಹಣೆಯ ವೇಳೆ, ಆ ಜಾಲದಲ್ಲಿ ಎಷ್ಟು ಸಾಮರ್ಥ್ಯ ಲಭ್ಯವಿದೆ ಎಂದು ತಿಳಿಯಲು ಒಂದು ಆದೇಶ ಕೊಡಲಾಗಿತ್ತು. ಅಳೆಯಬೇಕಿದ್ದ ಆ ಆದೇಶ ಬೆನ್ನೆಲುಬಿನ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತು. ಇಂಥ ಅವಘಡ ಆಗದಿರಲೆಂದೇ ಆದೇಶಗಳನ್ನು ತಪಾಸಣೆ ಮಾಡುವ ಇನ್ನೊಂದು ತಂತ್ರಾಂಶವಿತ್ತು. ಅದರಲ್ಲೂ ಒಂದು ದೋಷವಿದ್ದ ಕಾರಣ ಅದು ಈ ಆದೇಶವನ್ನು ತಡೆಯಲಿಲ್ಲ.

ಒಂದು ಹತಾರ ಬರೀ ನೋಡುತ್ತದೆಯೋ, ಇಲ್ಲಾ ಏನನ್ನಾದರೂ ಬದಲಿಸುತ್ತದೆಯೋ? ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಂಪ್ಯೂಟರ್ ಜಾಲಗಳನ್ನು ಕಾಯುವವರ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಪ್ರಶ್ನೆ ಇದು. ಅದಕ್ಕೆ ಉತ್ತರ ಬರೆದಿಡಬೇಕಾದ ಜಾಗವೆಂದರೆ ಹತಾರದ ಜೊತೆಗೆ ಕೊಡುವ ವಿವರಣೆ. ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬದ ಮೇಲೆ ಅಂಟಿಸಿರುವ ಚೀಟಿಯನ್ನು ನೆನಪಿಸಿಕೊಳ್ಳಿ. ಯಾವ ಬೆಳೆಗೆ, ಎಷ್ಟು ನೀರಿಗೆ ಎಷ್ಟು ಔಷಧಿ, ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ವಿಷ ಎಷ್ಟು ತೀವ್ರ ಎಂಬುದಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರುತ್ತದೆ. ಇಪ್ಪತ್ತು ವರ್ಷ ಸಿಂಪಡಿಸಿದ ರೈತ ಚೀಟಿ ಓದದೆಯೂ ನಿಭಾಯಿಸಿಯಾನು. ನಿನ್ನೆ ಕೆಲಸಕ್ಕೆ ಬಂದವನಿಗೆ ಆ ಚೀಟಿಯೇ ಗತಿ.

ಜಾಲ ಕಾಯುವ ಕೆಲಸಕ್ಕೂ ಈಗ ಅಂಥದೊಬ್ಬ ಹೊಸ ಆಳು ಬಂದಿದ್ದಾನೆ. ಅವನನ್ನು ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಎನ್ನುತ್ತಾರೆ. ಭಾಷೆಯನ್ನು ಓದಿ ಬರೆಯಬಲ್ಲ ಒಂದು ತಂತ್ರಾಂಶದ ಕೈಗೆ ಹಲವು ಹತಾರಗಳನ್ನು ಕೊಟ್ಟು, ‘ಇಂಥ ಕಡೆ ಜಾಲ ನಿಧಾನವಾಗಿದೆ, ಕಾರಣ ಹುಡುಕು’ ಎಂದು ಹೇಳುವ ವ್ಯವಸ್ಥೆ ಅದು. ಯಾವ ಹತಾರವನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಏಜೆಂಟೇ ತೀರ್ಮಾನಿಸುತ್ತದೆ. ಹತಾರದ ಒಳಗೆ ಏನಿದೆಯೆಂದು ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೂರೇ ಸಂಗತಿ: ಹತಾರದ ಹೆಸರು, ಅದಕ್ಕೆ ಏನೇನು ಒದಗಿಸಬೇಕೆಂಬ ಪಟ್ಟಿ, ಮತ್ತು ಕೆಲವು ಸಾಲಿನ ವಿವರಣೆ. ಆ ಕೆಲವು ಸಾಲುಗಳನ್ನು ಹೇಗೆ ಬರೆಯಬೇಕೆಂಬುದು ಇಂದು ಎಂಜಿನಿಯರುಗಳ ನಡುವೆ ಬಿಸಿಬಿಸಿ ಚರ್ಚೆಯ ವಿಷಯ. ಆದರೆ ಚೀಟಿ ಬರೆಯುವ ಈ ವಿದ್ಯೆ ಹೊಸದೇನಲ್ಲ. ಅದರ ಒಂದೊಂದು ನಿಯಮದ ಹಿಂದೆಯೂ ಒಂದು ಹಳೆಯ ಪಾಠವಿದೆ.

ಕೈಪಿಡಿಯ ಕಾಲ

1971ರ ನವೆಂಬರ್ 3ರಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಂದು ಕೈಪಿಡಿ ಸಿದ್ಧವಾಯಿತು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು ರೂಪಿಸಿದ ‘ಯೂನಿಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯ ಕೈಪಿಡಿ ಅದು. ಪ್ರತಿಯೊಂದು ಆದೇಶಕ್ಕೂ ಪ್ರತ್ಯೇಕ ಪುಟ, ಪ್ರತಿ ಪುಟಕ್ಕೂ ಒಂದೇ ಬಗೆಯ ಅಚ್ಚು. ಮೊದಲು ಹೆಸರು ಮತ್ತು ಒಂದು ಸಾಲಿನ ಅರ್ಥ. ಆಮೇಲೆ ಅದನ್ನು ಟೈಪಿಸುವ ಕ್ರಮ, ಅದರ ನಂತರ ವಿವರಣೆ. ತಪ್ಪಾದರೆ ಬರುವ ಸೂಚನೆಗಳ ಅರ್ಥಕ್ಕೂ, ಸಂಬಂಧಪಟ್ಟ ಇತರ ಆದೇಶಗಳ ಹೆಸರಿಗೂ ಬೇರೆ ಬೇರೆ ಶೀರ್ಷಿಕೆಗಳು.

ಇಷ್ಟೇ ಆಗಿದ್ದರೆ ಅದು ಇನ್ನೊಂದು ಕೈಪಿಡಿಯಾಗುತ್ತಿತ್ತು. ಅದರ ವೈಶಿಷ್ಟ್ಯ ಇದ್ದುದು ‘ದೋಷಗಳು’ ಎಂಬ ಶೀರ್ಷಿಕೆಯಲ್ಲಿ. ಈ ಹತಾರದಿಂದ ಏನು ಆಗದು, ಎಲ್ಲಿ ಅದು ಕೈಕೊಡುತ್ತದೆ ಎಂಬುದನ್ನು ಮಾಡಿದವರೇ ಅಲ್ಲಿ ಒಪ್ಪಿಕೊಳ್ಳುತ್ತಿದ್ದರು. ತನ್ನ ಸರಕಿನ ಕುಂದನ್ನು ತಾನೇ ಬರೆದು ಅಂಟಿಸುವ ವ್ಯಾಪಾರಿ ಎಲ್ಲಾದರೂ ಉಂಟೇ? ಆದರೆ ಬಳಸುವವರ ಮಟ್ಟಿಗೆ ಅದಕ್ಕಿಂತ ಉಪಯುಕ್ತವಾದ ಮಾತು ಬೇರೊಂದಿರಲಿಲ್ಲ. 1979ರಲ್ಲಿ ಬ್ರಯನ್ ಕರ್ನಿಹ್ಯಾನ್ ಮತ್ತು ಡಗ್ಲಸ್ ಮೆಕಿಲ್ರಾಯ್ ಸಂಪಾದಿಸಿದ ಏಳನೇ ಆವೃತ್ತಿಯ ಹೊತ್ತಿಗೆ ಈ ಪುಟದ ಅಚ್ಚು ಗಟ್ಟಿಯಾಗಿತ್ತು. ಇಂದಿಗೂ ಲಿನಕ್ಸ್ ಕಂಪ್ಯೂಟರಿನಲ್ಲಿ ಯಾವುದೇ ಆದೇಶದ ಕೈಪಿಡಿ ತೆರೆದರೆ ಬಹುಮಟ್ಟಿಗೆ ಅದೇ ಅಚ್ಚು ಕಾಣುತ್ತದೆ.

ನೀರಿನೊಳಗಿನ ಸದ್ದು

ಜಾಲ ಪರೀಕ್ಷಿಸುವ ಹತಾರಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ಪಿಂಗ್’. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದ ಮೈಕ್ ಮೂಸ್ ಇದನ್ನು ಬರೆದರು. ಒಂದೇ ಸಂಜೆಯ ಕೆಲಸ ಅದು. ಸಮುದ್ರದಲ್ಲಿ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ದೂರದ ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುವ ಸೋನಾರ್ ತಂತ್ರದಿಂದ ಅವರು ಹೆಸರನ್ನೂ ಉಪಾಯವನ್ನೂ ಪಡೆದರು. ದೂರದ ಕಂಪ್ಯೂಟರಿಗೆ ಒಂದು ಸಣ್ಣ ಸಂದೇಶ ಕಳಿಸುವುದು, ಅದು ಮರಳಿ ಬರಲು ಹಿಡಿದ ಸಮಯವನ್ನು ಅಳೆಯುವುದು, ಇಷ್ಟೇ ಅದರ ಕೆಲಸ.

ಪಿಂಗ್‌ನ ಕೈಪಿಡಿಯಲ್ಲಿ ಒಂದು ಕುತೂಹಲದ ಎಚ್ಚರಿಕೆಯಿದೆ. ಈ ಹತಾರ ಜಾಲದ ಮೇಲೆ ಹೊರೆ ಹೇರಬಲ್ಲದು. ಆದ್ದರಿಂದ ಸಾಮಾನ್ಯ ಕೆಲಸದ ಹೊತ್ತಿನಲ್ಲಾಗಲಿ, ತಾನೇ ತಾನಾಗಿ ಓಡುವ ಆದೇಶಪಟ್ಟಿಗಳಿಂದಾಗಲಿ ಇದನ್ನು ಬಳಸುವುದು ಜಾಣತನವಲ್ಲ ಎಂಬುದು ಅದರ ಸಾರಾಂಶ. ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಸಂದೇಶ ಸುರಿಸುವ ಸೌಲಭ್ಯವೂ ಪಿಂಗ್‌ನಲ್ಲಿತ್ತು. ಅದನ್ನು ವ್ಯವಸ್ಥೆಯ ಮೇಲ್ವಿಚಾರಕರು ಮಾತ್ರ ಬಳಸಬಹುದಿತ್ತು. ಕೈಯಿಂದ ಟೈಪಿಸುವ ಮನುಷ್ಯ ಒಂದೆರಡು ಬಾರಿ ಕೇಳಿ ಸುಮ್ಮನಾಗುತ್ತಾನೆ, ಯಂತ್ರಕ್ಕೆ ದಣಿವಿಲ್ಲ ಎಂಬ ಅರಿವು ಆ ಎಚ್ಚರಿಕೆಯ ಹಿಂದಿತ್ತು. ಇಂದು ಏಜೆಂಟಿನ ಕೈಗೆ ಪಿಂಗ್ ಕೊಡುವವರು ಓದಲೇಬೇಕಾದ ಮಾತು ಇದು.

ಪಿಂಗ್ ಕಲಿಸಿದ ಪಾಠ ಇನ್ನೂ ಒಂದಿದೆ. ಉತ್ತರ ಬರಲಿಲ್ಲ ಎಂದಮಾತ್ರಕ್ಕೆ ಆ ಕಡೆಯ ಕಂಪ್ಯೂಟರ್ ಸತ್ತಿದೆ ಎಂದಲ್ಲ. ನಡುವೆ ಯಾವುದೋ ಭದ್ರತಾ ಗೋಡೆ ಇಂಥ ಸಂದೇಶಗಳನ್ನು ಬಿಡದೆ ಇರಬಹುದು. ಬಾಗಿಲು ತಟ್ಟಿದಾಗ ಯಾರೂ ಓಗೊಡಲಿಲ್ಲವೆಂದರೆ ಮನೆಯಲ್ಲಿ ಜನ ಇಲ್ಲವೆಂದೇ ಅರ್ಥವೇ? ಅನುಭವಿ ಎಂಜಿನಿಯರಿಗೆ ಇದು ಗೊತ್ತಿರುತ್ತದೆ. ಹೊಸಬನಿಗೆ ಯಾರಾದರೂ ಹೇಳಬೇಕು.

ನಾನೂರು ಗಜದ ದೂರ

1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡರ ನಡುವಿನ ದೂರ ಸುಮಾರು ನಾನೂರು ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ಮಾಹಿತಿ ಸೆಕೆಂಡಿಗೆ 40 ಬಿಟ್‌ಗೆ ಇಳಿಯಿತು. ಅಂದರೆ ಸೆಕೆಂಡಿಗೆ ಐದೇ ಐದು ಇಂಗ್ಲಿಷ್ ಅಕ್ಷರ! ಕಾಗದ ಬರೆದು ಕೈಯಲ್ಲಿ ಹಿಡಿದು ನಡೆದುಹೋಗಿದ್ದರೆ ಬೇಗ ತಲುಪುತ್ತಿತ್ತೇನೋ.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ಸಂಗಡಿಗರು ಕಾರಣ ಹುಡುಕತೊಡಗಿದರು. ದಟ್ಟಣೆ ಹೆಚ್ಚಿದಾಗ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಪೊಟ್ಟಣಗಳು, ದಾರಿಯಲ್ಲಿ ಕಳೆದುಹೋಗುತ್ತವೆ. ಕಳಿಸಿದ ಕಂಪ್ಯೂಟರುಗಳು ಅವನ್ನೇ ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇದಕ್ಕೆ ಜೇಕಬ್ಸನ್ ಸೂಚಿಸಿದ ಪರಿಹಾರ 1988ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಅದೇ ಕಾಲದಲ್ಲಿ ಅದೇ ಪ್ರಯೋಗಾಲಯದಿಂದ ಎರಡು ಹತಾರಗಳು ಹೊರಬಂದವು. ಪ್ಯಾಕೆಟ್ ಸಾಗುವ ದಾರಿ ತೋರಿಸುವ ‘ಟ್ರೇಸ್‌ರೂಟ್’ ಒಂದು. ಸಾಗುತ್ತಿರುವ ಪ್ಯಾಕೆಟ್‌ಗಳನ್ನೇ ಹಿಡಿದು ಬಿಡಿಸಿ ತೋರಿಸುವ ‘ಟಿಸಿಪಿಡಂಪ್’ ಇನ್ನೊಂದು. ಎರಡನ್ನೂ ಜಾಲತಜ್ಞರು ಇಂದಿಗೂ ದಿನಬೆಳಗಾದರೆ ಬಳಸುತ್ತಾರೆ.

ಟಿಸಿಪಿಡಂಪ್‌ನ ಕೈಪಿಡಿ ತನ್ನ ಮಿತಿಗಳನ್ನು ಮುಚ್ಚಿಡುವುದಿಲ್ಲ. ಹಳೆಯ ಆವೃತ್ತಿಗಳು ಪ್ರತಿ ಪ್ಯಾಕೆಟ್‌ನ ಮೊದಲ 68 ಬೈಟ್‌ಗಳನ್ನಷ್ಟೇ ಹಿಡಿಯುತ್ತಿದ್ದವು. ಉಳಿದದ್ದು ಬೇಕಿದ್ದರೆ ಬಳಸುವವರೇ ಕೇಳಬೇಕಿತ್ತು. ಹೀಗೆ ತುಂಡಾದ ಕಡೆ ಅದು ಒಂದು ಗುರುತು ಹಾಕಿ ತೋರಿಸುತ್ತಿತ್ತು. ಕೆಲಸ ಮುಗಿಸುವಾಗ, ಎಷ್ಟು ಪ್ಯಾಕೆಟ್ ಹಿಡಿದೆ, ಎಷ್ಟು ಕೈತಪ್ಪಿತು ಎಂದು ಲೆಕ್ಕ ಒಪ್ಪಿಸುತ್ತದೆ. ಆ ಲೆಕ್ಕದ ಅರ್ಥ ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಬೇರೆ ಬೇರೆ ಇರಬಹುದೆಂದೂ ಕೈಪಿಡಿ ತಿಳಿಸುತ್ತದೆ. ಕಂಡದ್ದನ್ನು ಹೇಳುವುದು ಸುಲಭ. ಕಾಣದೆ ಹೋದದ್ದು ಎಷ್ಟು ಎಂದು ಹೇಳುವ ಕಾವಲುಗಾರ ಅಪರೂಪ.

ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಟಿಸಿಪಿಡಂಪ್ ಬರೀ ನೋಡುವ ಹತಾರ ತಾನೆ? ಪೂರ್ತಿ ಹಾಗಲ್ಲ. ಜಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಗಳ ಒಂದು ವಿಳಾಸವಿರುತ್ತದೆ. ಬೇಡವೆಂದು ಹೇಳದಿದ್ದರೆ ಟಿಸಿಪಿಡಂಪ್ ಆ ಅಂಕಿಗಳ ಬದಲು ಹೆಸರು ತೋರಿಸಲು ಯತ್ನಿಸುತ್ತದೆ. ಹೆಸರು ತಿಳಿಯಲು ಅದು ಅದೇ ಜಾಲದಲ್ಲಿ ತನ್ನದೇ ಪ್ರಶ್ನೆಗಳನ್ನು ಕಳಿಸುತ್ತದೆ. ಅಂದರೆ ಸಂಚಾರ ಎಣಿಸಲು ರಸ್ತೆಬದಿಯಲ್ಲಿ ನಿಂತವನು ತಾನೂ ಆಗಾಗ ರಸ್ತೆಗಿಳಿದಂತೆ! ಕಳ್ಳನೊಬ್ಬನ ಜಾಡು ಹಿಡಿದಿರುವಾಗ ಈ ಪ್ರಶ್ನೆಗಳು ಅವನಿಗೆ ಸುಳಿವು ಕೊಡಲೂಬಹುದು. ಹೆಸರು ಹುಡುಕಬೇಡ ಎಂದು ಹೇಳಲು ಒಂದೇ ಅಕ್ಷರದ ಸೂಚನೆ ಸಾಕು. ಆದರೆ ಅಂಥದೊಂದು ಸೂಚನೆ ಇದೆಯೆಂದು ಗೊತ್ತಿರಬೇಕಷ್ಟೆ.

ಐದು ಅಂಕಣಗಳ ಚೀಟಿ

1980ರ ದಶಕದ ಕೊನೆಗೆ ಜಾಲಗಳು ಎಷ್ಟು ಬೆಳೆದವೆಂದರೆ, ಒಬ್ಬೊಬ್ಬ ಎಂಜಿನಿಯರು ಒಂದೊಂದು ಯಂತ್ರದ ಮುಂದೆ ಕೂತು ಕಾಯುವುದು ಸಾಧ್ಯವಿರಲಿಲ್ಲ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ಕಡೆಯಿಂದ ವಿಚಾರಿಸುವ ಸಾಮಾನ್ಯ ಭಾಷೆಯೊಂದು ಬೇಕಾಯಿತು. 1988ರ ಆಗಸ್ಟ್‌ನಲ್ಲಿ ಅದು ಬಂತು. ‘ಎಸ್‌ಎನ್‌ಎಂಪಿ’, ಅಂದರೆ ಸರಳ ಜಾಲ ನಿರ್ವಹಣಾ ವಿಧಾನ ಎಂದು ಅದರ ಹೆಸರು. ಪ್ರತಿ ಯಂತ್ರದೊಳಗೂ ಕೇಳಿದ್ದಕ್ಕೆ ಉತ್ತರಿಸುವ ಒಂದು ಪುಟ್ಟ ತಂತ್ರಾಂಶ ಇರುತ್ತಿತ್ತು. ಅಂದಹಾಗೆ, ಅದನ್ನೂ ‘ಏಜೆಂಟ್’ ಎಂದೇ ಕರೆದರು. ಆ ಏಜೆಂಟ್ ಉತ್ತರಿಸುತ್ತಿತ್ತು. ಇಂದಿನ ಏಜೆಂಟ್ ಪ್ರಶ್ನಿಸುತ್ತದೆ. ಹೆಸರು ಉಳಿದು ಪಾತ್ರ ಅದಲುಬದಲಾಯಿತು.

ಕೇಳಬಹುದಾದ ಪ್ರತಿಯೊಂದು ಅಂಶವನ್ನೂ ಹೇಗೆ ವರ್ಣಿಸಬೇಕೆಂದು ಮಾರ್ಷಲ್ ರೋಸ್ ಮತ್ತು ಕೀತ್ ಮೆಕ್ಲಾಗ್ರಿ ಬರೆದ ದಾಖಲೆ ನಿಯಮ ಮಾಡಿತು. ಐದು ಅಂಕಣಗಳನ್ನು ತುಂಬಬೇಕು. ಹೆಸರೇನು, ಮೌಲ್ಯ ಯಾವ ಬಗೆಯದು, ಅದರ ಅರ್ಥವೇನು, ಅದನ್ನು ಓದಬಹುದೋ ಬದಲಿಸಬಹುದೋ, ಎಲ್ಲ ಯಂತ್ರಗಳಲ್ಲೂ ಇರಲೇಬೇಕೋ ಬೇಡವೋ. ಮೂರನೆಯ ಅಂಕಣ ಸಾದಾ ಭಾಷೆಯಲ್ಲಿ ಬರೆದ ವಿವರಣೆ. ನಾನಾ ಕಂಪನಿಗಳ ಯಂತ್ರಗಳು ಒಂದೇ ಜಾಲದಲ್ಲಿ ಇರುವುದರಿಂದ, ಒಂದು ಅಂಶಕ್ಕೆ ಎಲ್ಲ ಕಡೆಯೂ ಒಂದೇ ಅರ್ಥವಿರುವುದು ಅತ್ಯಗತ್ಯ ಎಂದು ಆ ದಾಖಲೆ ಒತ್ತಿ ಹೇಳಿತು. ‘ಓದಲು ಮಾತ್ರ’ ಮತ್ತು ‘ಓದಲು, ಬರೆಯಲು’ ಎಂಬ ಭೇದಕ್ಕೆ ಪ್ರತ್ಯೇಕ ಅಂಕಣವನ್ನೇ ಕೊಟ್ಟದ್ದು ದೊಡ್ಡ ಮುಂದಾಲೋಚನೆ. ಕೀಟನಾಶಕದ ಡಬ್ಬದ ಬಣ್ಣದ ಗುರುತಿನಂತೆ ಅದು.

ಸುತ್ತು ಬರುವ ಮೀಟರು

ಅಂಕಣಗಳಿದ್ದ ಮಾತ್ರಕ್ಕೆ ಚೀಟಿ ಪೂರ್ಣವಾಗುವುದಿಲ್ಲ ಎಂಬುದನ್ನು ಒಂದು ಸಣ್ಣ ಎಣಿಕೆ ಕಲಿಸಿತು. ಯಂತ್ರದ ಒಂದು ದ್ವಾರದ ಮೂಲಕ ಒಳಬಂದ ಬೈಟ್‌ಗಳ ಒಟ್ಟು ಸಂಖ್ಯೆಯನ್ನು ತೋರಿಸುವ ಎಣಿಕೆ ಅದು. ಆರಂಭದ ದಿನಗಳಲ್ಲಿ ಅದರ ವಿವರಣೆ ಒಂದೇ ವಾಕ್ಯದ್ದಾಗಿತ್ತು.

ಈ ಎಣಿಕೆಗೆ 32 ಬಿಟ್‌ಗಳ ಜಾಗ ಕೊಟ್ಟಿದ್ದರು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ಅದನ್ನು ಮುಟ್ಟಿದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮನೆಯ ಹಳೆಯ ಕರೆಂಟು ಮೀಟರು 99999 ಆದ ಮೇಲೆ ಸೊನ್ನೆಗೆ ಮರಳುವಂತೆಯೇ ಇದು. ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಅಂದಿನ ಜಾಲ ಪೂರ್ತಿ ತುಂಬಿ ಹರಿದರೂ ಒಂದು ಸುತ್ತಿಗೆ ಸುಮಾರು 57 ನಿಮಿಷ ಬೇಕಿತ್ತು. ಜಾಲ ಹತ್ತುಪಟ್ಟು ವೇಗವಾದಾಗ ಆರು ನಿಮಿಷದೊಳಗೇ ಸುತ್ತು ಮುಗಿಯತೊಡಗಿತು. ನೂರುಪಟ್ಟಾದಾಗ 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಮೀಟರ್ ನೋಡುವವನಿಗೆ ತನ್ನ ಬೆನ್ನ ಹಿಂದೆ ಅದು ಎಂಟು ಸುತ್ತು ತಿರುಗಿದ್ದು ತಿಳಿಯುವ ಬಗೆ ಯಾವುದು? ತುಂಬಿ ತುಳುಕುತ್ತಿದ್ದ ಸಂಪರ್ಕವೂ ಅವನ ಪಾಲಿಗೆ ಬಿಡುವಾಗಿ ಕಾಣುತ್ತದೆ.

1994ರಲ್ಲಿ 64 ಬಿಟ್‌ಗಳ ಹೊಸ ಎಣಿಕೆಗಳನ್ನು ಸೇರಿಸಿದರು. 1997ರ ಆವೃತ್ತಿಯಲ್ಲಿ ವಿವರಣೆಯೂ ಬೆಳೆಯಿತು. ಯಂತ್ರ ಮರುಚಾಲನೆಗೊಂಡಾಗ ಮತ್ತು ಕೆಲವು ಇತರ ಸಂದರ್ಭಗಳಲ್ಲಿ ಎಣಿಕೆಯ ಸರಣಿ ತುಂಡಾಗಬಹುದು. ತುಂಡಾದ ಸಮಯವನ್ನು ಇಂಥ ಕಡೆ ನೋಡಿ ತಿಳಿಯಬೇಕು ಎಂಬ ಸೂಚನೆ ಅದರೊಳಗೆ ಸೇರಿತು. ಒಂದು ವಾಕ್ಯದ ಚೀಟಿ ಎರಡು ವಾಕ್ಯದ್ದಾಗಲು ಒಂಬತ್ತು ವರ್ಷ ಹಿಡಿಯಿತು!

ಇದೇ ಕುಟುಂಬದ ಇನ್ನೊಂದು ತೊಡಕನ್ನೂ ಗಮನಿಸಿ. ಒಳಬಂದ ಮಾಹಿತಿಯ ಎಣಿಕೆ ಬೈಟ್‌ಗಳಲ್ಲಿ. ಅದೇ ದ್ವಾರದ ವೇಗ ಹೇಳುವ ಅಂಶ ಮಾತ್ರ ಬಿಟ್‌ಗಳಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. ಮಾನವನ್ನು ಗಮನಿಸದೆ ಎರಡನ್ನೂ ಭಾಗಿಸಿದವನ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಎರಡೂ ಚೀಟಿಗಳಲ್ಲಿ ಮಾನವನ್ನು ಸರಿಯಾಗಿಯೇ ಬರೆದಿದೆ. ಹೆಸರು ಮಾತ್ರ ನೋಡಿ ಮುಂದೆ ಹೋದವನು ಎಡವುತ್ತಾನೆ.

ಕೇಳುವವನೇ ಬದಲಾದಾಗ

ಇಷ್ಟೂ ಕಾಲ ಚೀಟಿ ಅರೆಬರೆಯಾಗಿದ್ದರೂ ಕೆಲಸ ನಡೆಯಿತು. ಏಕೆಂದರೆ ಓದುವವನು ಮನುಷ್ಯನಾಗಿದ್ದ. ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದ. ‘ಆ ಹತಾರದ ಹತ್ತಿರ ಹೋಗಬೇಡ ಮಾರಾಯ, ಹೋದ ವರ್ಷ ಅದರಿಂದಲೇ ಇಡೀ ಆಫೀಸು ನಿಂತಿತ್ತು’ ಎಂದು ಹೇಳಲು ಒಬ್ಬ ಹಿರಿಯರು ಇರುತ್ತಿದ್ದರು. ಬರೆಯದೆ ಬಿಟ್ಟದ್ದನ್ನು ಅನುಭವ ತುಂಬಿಕೊಡುತ್ತಿತ್ತು.

2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಭಾಷಾ ಮಾದರಿಗಳಿಗೆ ಹೊರಗಿನ ಹತಾರಗಳನ್ನು ವಿವರಿಸಿ ಒಪ್ಪಿಸುವ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ವಿಧಾನವನ್ನು ಪ್ರಕಟಿಸಿತು. ಯಾವುದೇ ಹತಾರವನ್ನು ಯಾವುದೇ ಏಜೆಂಟಿಗೆ ಜೋಡಿಸಲು ಅದು ಒಂದು ಸಾಮಾನ್ಯ ಅಚ್ಚು. ಹೆಸರು, ವಿವರಣೆ, ಒದಗಿಸಬೇಕಾದ ಅಂಶಗಳ ಪಟ್ಟಿ: ಯೂನಿಕ್ಸ್ ಕೈಪಿಡಿಯ ಪುಟವನ್ನೂ ಎಸ್‌ಎನ್‌ಎಂಪಿಯ ಐದು ಅಂಕಣಗಳನ್ನೂ ಕಂಡವರಿಗೆ ಇದು ಪರಿಚಿತ ಮುಖವೇ. 2025ರ ಮಾರ್ಚ್‌ನ ಆವೃತ್ತಿಯಲ್ಲಿ ಇನ್ನೊಂದು ಹಳೆಯ ಪರಿಚಯ ಮರಳಿ ಬಂತು. ಈ ಹತಾರ ಓದುವುದಷ್ಟನ್ನೇ ಮಾಡುತ್ತದೆಯೋ, ಏನನ್ನಾದರೂ ಅಳಿಸಿ ಹಾಕಬಹುದೋ ಎಂದು ಸೂಚಿಸುವ ಗುರುತು ಅದು. 1988ರ ಅಂಕಣವೇ 37 ವರ್ಷಗಳ ಬಳಿಕ ಬೇರೆ ಅಂಗಿ ತೊಟ್ಟು ಬಂದಿತ್ತು.

ಏಜೆಂಟಿಗೆ ಪಿಂಗ್ ಗೊತ್ತು, ಟಿಸಿಪಿಡಂಪ್ ಗೊತ್ತು. ಭಾಷಾ ಮಾದರಿಗಳು ಕಲಿಯುವಾಗ ಈ ಹಳೆಯ ಕೈಪಿಡಿಗಳಂಥ ಅಪಾರ ಬರಹವನ್ನು ಓದಿಕೊಂಡಿರುತ್ತವೆ. ಅಂದಿನವರು ಶ್ರದ್ಧೆಯಿಂದ ಬರೆದದ್ದರ ಫಲ ಅದು. ಆದರೆ ನಿಮ್ಮ ಕಚೇರಿಯವರೇ ಕಟ್ಟಿಕೊಂಡ, ‘ಲಿಂಕ್ ಚೆಕ್’ ಎಂಬಂಥ ಹೆಸರಿನ ಹತಾರದ ಬಗ್ಗೆ ಅದು ಎಲ್ಲೂ ಓದಿಲ್ಲ. ಅಲ್ಲಿ ಚೀಟಿಯೊಂದೇ ಅದಕ್ಕೆ ಆಧಾರ. ಚೀಟಿ ಅಸ್ಪಷ್ಟವಾಗಿದ್ದರೆ ಏಜೆಂಟ್ ಸುಮ್ಮನಿರುವುದಿಲ್ಲ, ಊಹಿಸುತ್ತದೆ. ಊಹೆಯನ್ನೂ ಖಚಿತ ಮಾತಿನಂತೆಯೇ ವರದಿ ಮಾಡುವುದುಂಟು. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ರಾತ್ರಿ ಪಾಳಿಯಲ್ಲಿ ಕೂತು ದೂರದ ಜಾಲಗಳನ್ನು ಕಾಯುವ ನಮ್ಮ ಹುಡುಗ ಹುಡುಗಿಯರಿಗೆ ಇದು ದೂರದ ಮಾತಲ್ಲ. ತಾವು ಇಷ್ಟು ದಿನ ಕೈಯಿಂದ ಮಾಡಿದ್ದನ್ನು ಚೀಟಿಗಿಳಿಸುವ ಕೆಲಸ ಅವರ ಪಾಲಿಗೇ ಬರುತ್ತದೆ.

ಒಂದು ಚೀಟಿಯ ಎರಡು ಒಕ್ಕಣೆ

ಒಂದು ಹತಾರವನ್ನು ಕಲ್ಪಿಸಿಕೊಳ್ಳೋಣ. ಸಂಪರ್ಕವೊಂದರಲ್ಲಿ ಎಷ್ಟು ಸಂಚಾರವಿದೆ ಎಂದು ತೋರಿಸುವುದು ಅದರ ಕೆಲಸ. ಅವಸರದಲ್ಲಿ ಬರೆದ ಚೀಟಿ ಹೀಗಿರುತ್ತದೆ: ‘ಜಾಲದ ಮಾಹಿತಿ ಕೊಡುತ್ತದೆ.’ ಸುಳ್ಳೇನಲ್ಲ. ಆದರೆ ಪಿಂಗ್ ಕೂಡ ಜಾಲದ ಮಾಹಿತಿ ಕೊಡುತ್ತದೆ, ಟಿಸಿಪಿಡಂಪ್ ಕೂಡ ಕೊಡುತ್ತದೆ. ಮೂವತ್ತು ಹತಾರಗಳ ನಡುವೆ ಇದನ್ನು ಯಾವಾಗ ಎತ್ತಿಕೊಳ್ಳಬೇಕು?

ಚರಿತ್ರೆ ಬಲ್ಲವರು ಬರೆದ ಚೀಟಿ ಹೀಗಿದ್ದೀತು: ‘ಒಂದು ರೂಟರಿನ ಒಂದು ದ್ವಾರದಲ್ಲಿ, ಕೇಳಿದ ಅವಧಿಯೊಳಗೆ ಒಳಬಂದ ಮತ್ತು ಹೊರಹೋದ ಮಾಹಿತಿಯ ಸರಾಸರಿ ವೇಗ ತಿಳಿಸುತ್ತದೆ. ಮಾನ: ಸೆಕೆಂಡಿಗೆ ಇಷ್ಟು ಬಿಟ್, ಬೈಟ್ ಅಲ್ಲ. ಅವಧಿಯನ್ನು ಭಾರತೀಯ ಕಾಲಮಾನದಲ್ಲಿ ಕೊಡಬೇಕು. ಐದು ನಿಮಿಷಕ್ಕೊಮ್ಮೆ ತೆಗೆದ ಅಳತೆಯಾದ್ದರಿಂದ ಕ್ಷಣಿಕ ಏರಿಳಿತ ಇದರಲ್ಲಿ ಕಾಣದು. ಅದಕ್ಕೆ ಪ್ಯಾಕೆಟ್ ಹಿಡಿಯುವ ಹತಾರ ಬಳಸಬೇಕು. ಉತ್ತರ ಸೊನ್ನೆ ಎಂದರೆ ಸಂಚಾರ ಇರಲಿಲ್ಲ. ಉತ್ತರ ಖಾಲಿ ಎಂದರೆ ಅಳತೆಯೇ ಸಿಕ್ಕಿಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು. ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಬಾರಿ ಕೇಳಬಾರದು. ಇದು ಓದುತ್ತದೆ ಅಷ್ಟೆ, ರೂಟರಿನಲ್ಲಿ ಏನನ್ನೂ ಬದಲಿಸುವುದಿಲ್ಲ.’

ಸಾಲು ಸಾಲಾಗಿ ನೋಡಿ. ಮಾನದ ಮಾತು ಬಿಟ್ ಬೈಟ್‌ಗಳ ಗೊಂದಲದಿಂದ ಕಲಿತದ್ದು. ಐದು ನಿಮಿಷದ ಮಾತು ಸುತ್ತು ಬಂದ ಮೀಟರಿನ ನೆನಪು. ಸೊನ್ನೆಗೂ ಖಾಲಿಗೂ ಇರುವ ಭೇದ ಪಿಂಗ್‌ಗೆ ಬಾರದ ಉತ್ತರದ ಪಾಠ. ಹತ್ತು ಬಾರಿಯ ಮಿತಿ 1980ರ ದಶಕದ ಎಚ್ಚರಿಕೆಯ ಮೊಮ್ಮಗ. ಇನ್ನೊಂದು ಹತಾರದತ್ತ ಬೆರಳು ತೋರಿಸುವುದು ಯೂನಿಕ್ಸ್ ಪುಟದ ಪದ್ಧತಿ.

‘ಬೇಕು’, ‘ಬಾರದು’ ಎಂಬ ಪದಗಳಿಗೂ ಒಂದು ಹಿನ್ನೆಲೆಯಿದೆ. ಅಂತರಜಾಲದ ನಿಯಮಗಳನ್ನು ಬರೆಯುವವರು ‘ಮಾಡಲೇಬೇಕು’, ‘ಮಾಡುವುದು ಒಳ್ಳೆಯದು’, ‘ಮಾಡಬಹುದು’ ಎಂಬುದನ್ನು ತಮಗೆ ತೋಚಿದಂತೆ ಬಳಸಿದರೆ ಓದುವವರು ತಮಗೆ ಅನುಕೂಲವಾದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಆದ್ದರಿಂದ 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಕೆಲವೇ ಪುಟಗಳ ದಾಖಲೆಯೊಂದರಲ್ಲಿ ಇಂಥ ಒಂದೊಂದು ಪದಕ್ಕೂ ನಿಶ್ಚಿತ ಅರ್ಥ ಕಟ್ಟಿಕೊಟ್ಟರು. ಚೀಟಿ ಬರೆಯುವವರಿಗೂ ಅದು ಮೇಲ್ಪಂಕ್ತಿ.

ಹಾಗೆಂದು ಉದ್ದ ಬರೆದಷ್ಟೂ ಒಳ್ಳೆಯದೇ? ಅಲ್ಲ. ಏಜೆಂಟ್ ಪ್ರತಿ ಸಲವೂ ತನ್ನ ಮುಂದಿರುವ ಎಲ್ಲ ಚೀಟಿಗಳನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಎರಡು ಹತಾರಗಳ ಚೀಟಿ ಒಂದೇ ತರಹ ಇದ್ದರೆ ಅದು ತಬ್ಬಿಬ್ಬಾಗುತ್ತದೆ. ಗೊತ್ತಿರಲೇಬೇಕಾದದ್ದನ್ನು ಹೇಳಿ ಉಳಿದದ್ದನ್ನು ಬಿಡುವುದೇ ಇಲ್ಲಿನ ಕಷ್ಟದ ಕೆಲಸ.

ಚೀಟಿ ಬೀಗವಲ್ಲ

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಚೀಟಿಯೇ ಮೋಸ ಮಾಡಬಹುದು. ಹೊರಗಿನವರು ಕೊಟ್ಟ ಹತಾರದ ವಿವರಣೆಯೊಳಗೆ ಏಜೆಂಟಿಗೆ ಗುಟ್ಟಾಗಿ ಆಜ್ಞೆ ಬರೆದು, ಅದರಿಂದ ಬೇರೇನನ್ನೋ ಮಾಡಿಸಬಹುದೆಂದು 2025ರ ಏಪ್ರಿಲ್‌ನಲ್ಲಿ ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಜಾಲದ ಸಂಚಾರವನ್ನು ಕಾಯುವ ಏಜೆಂಟಿಗೆ ಈ ಅಪಾಯ ಇನ್ನೊಂದು ದಾರಿಯಿಂದಲೂ ಬರುತ್ತದೆ. ಅದು ನೋಡುವ ಪ್ಯಾಕೆಟ್‌ಗಳಲ್ಲಿ ಇರುವುದು ಅಪರಿಚಿತರ ಬರಹ. ಅದರೊಳಗೆ ‘ಹಿಂದಿನ ಸೂಚನೆ ಮರೆತುಬಿಡು’ ಎಂದು ಯಾರಾದರೂ ಬರೆದು ಕಳಿಸಿದರೆ? ಕಳ್ಳನ ಜೇಬಿನಲ್ಲಿ ಸಿಕ್ಕ ಕಾಗದವನ್ನು ಮೇಲಧಿಕಾರಿಯ ಹುಕುಂ ಎಂದು ಪೊಲೀಸಿನವನು ಪಾಲಿಸಿದಂತಾಗುತ್ತದೆ. ಆದ್ದರಿಂದ ಪ್ಯಾಕೆಟ್ ತೋರಿಸುವ ಹತಾರದ ಚೀಟಿಯಲ್ಲಿ, ಇಲ್ಲಿ ಬರುವುದು ಪರಿಶೀಲಿಸಬೇಕಾದ ಮಾಹಿತಿ, ಪಾಲಿಸಬೇಕಾದ ಆಜ್ಞೆಯಲ್ಲ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಇನ್ನೊಂದು, ಎಷ್ಟೇ ಚೆನ್ನಾಗಿ ಬರೆದರೂ ಚೀಟಿ ಬೀಗದ ಕೆಲಸ ಮಾಡಲಾರದು. ‘ಓದಲು ಮಾತ್ರ’ ಎಂದು ಬರೆದ ಹತಾರಕ್ಕೆ ನಿಜಕ್ಕೂ ಓದುವ ಅಧಿಕಾರವಷ್ಟನ್ನೇ ಕೊಡಬೇಕು. ಪಿಂಗ್ ಬರೆದವರು ಬಿಡುವಿಲ್ಲದ ಸುರಿಮಳೆ ಬೇಡವೆಂದು ಬರೀ ಹೇಳಿ ಕೈತೊಳೆದುಕೊಳ್ಳಲಿಲ್ಲ. ಮೇಲ್ವಿಚಾರಕರ ಹೊರತು ಬೇರೆಯವರಿಗೆ ಆ ಬಾಗಿಲನ್ನು ಮುಚ್ಚಿಯೇ ಇಟ್ಟರು. ಬೀಗವೂ ಕೈಕೊಡಬಹುದೆಂದು 2021ರ ಅಕ್ಟೋಬರ್ ತೋರಿಸಿತು. ಚೀಟಿಯೂ ಬೇಕು, ಬೀಗವೂ ಬೇಕು. ಒಂದು ತಪ್ಪಿದಾಗ ಇನ್ನೊಂದು ಕಾಯಬೇಕು.

ಯೂನಿಕ್ಸ್ ಕೈಪಿಡಿಯ ಆ ‘ದೋಷಗಳು’ ಎಂಬ ಶೀರ್ಷಿಕೆಯನ್ನು ಹೊಸ ಚೀಟಿಗಳಲ್ಲಿ ಹುಡುಕಿದರೆ ಅನೇಕ ಬಾರಿ ಸಿಗುವುದಿಲ್ಲ. ಅಚ್ಚಿನಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಇಲ್ಲದಿರುವುದು ಒಂದು ಕಾರಣ. ತಾನು ಕಟ್ಟಿದ್ದರ ಕುಂದನ್ನು ಬರೆಯಲು ಯಾರಿಗೂ ಮನಸ್ಸಾಗದಿರುವುದು ಇನ್ನೊಂದು. ಆದರೆ ರಾತ್ರಿ ಎರಡು ಗಂಟೆಗೆ, ಕೇಳಲು ಹಿರಿಯರಾರೂ ಇಲ್ಲದ ಹೊತ್ತಿನಲ್ಲಿ, ಆಸ್ಪತ್ರೆಯದೋ ಬ್ಯಾಂಕಿನದೋ ಸಂಪರ್ಕ ಏಕೆ ನಿಂತಿತೆಂದು ಹುಡುಕುತ್ತಿರುವ ಏಜೆಂಟಿಗೆ ಬೇಕಾಗುವುದು ಆ ಸಾಲುಗಳೇ. ಅವನ್ನು ಇಂದೇ ಬರೆದಿಟ್ಟರೆ ನಾಳೆ ಅದು ಊಹೆ ಮಾಡಬೇಕಾಗುವುದಿಲ್ಲ.